ಹುಳಿಯಾಗದ ಮೊಸರು

ಒಂದು ಜೋಳದ ರೊಟ್ಟಿಗೆ ಮೂವತ್ತು. ಒಂದು ಸೌಟು ಅನ್ನಕ್ಕೆ ನಲವತ್ತೈದು. ಸಕ್ಕರೆ ಹಾಕಿದ ಚಹಾಕ್ಕೆ ಇಪ್ಪತ್ತೈದು. ಬೆಲ್ಲ ಬೆರೆಸಿದ ಒಂದು ಹಿಡಿ ಮಾದಲಿಗೆ ತೊಂಬತ್ತು. ಅದರ ಮೇಲೆ ತುಪ್ಪ ಬಿಟ್ಟುಕೊಂಡರೆ ಏರಿದ್ದು ಇಳಿಯಲು ಮರುದಿನ ಮಧ್ಯಾಹ್ನವೇ ಆಗಬೇಕು. ಜ್ವರ ಬಂದರೆ ಏನೂ ತಿನ್ನದೆ ಎಂಬತ್ತು. ಪಕ್ಕದ ಮನೆಯ ಕಾಶವ್ವ ಗೋಡೆಯಾಚೆಯಿಂದ ಬೇಕೆಂದೇ ಕೇಳಿಸುವಂತೆ ಕ್ಯಾಕರಿಸಿದರೆ ಇಪ್ಪತ್ತು.

ಬೆಟಗೇರಿಯ ಮಗ್ಗದ ಓಣಿಯಲ್ಲಿ ರೊಟ್ಟಿ ಬಡಿದು ಮಾರುತ್ತಿದ್ದ ನೀಲವ್ವ ಹತ್ತೊಂಬತ್ತು ವರ್ಷ ಈ ದರಪಟ್ಟಿಯನ್ನು ತಲೆಯಲ್ಲಿಟ್ಟುಕೊಂಡೇ ಬದುಕಿದ್ದಳು. ರಕ್ತದಲ್ಲಿ ಸಕ್ಕರೆಯ ಅಂಕಿ ಎಷ್ಟು ಏರುತ್ತದೆ ಎನ್ನುವುದೇ ಅವಳಿಗೆ ಪ್ರತಿಯೊಂದರ ಬೆಲೆ. ಅದನ್ನು ತೆರಲು ದಿನಕ್ಕೆ ಎರಡು ಸೂಜಿ: ಬೆಳಿಗ್ಗೆ ಇಪ್ಪತ್ತೆರಡು ಯೂನಿಟ್ ಇನ್ಸುಲಿನ್, ಸಂಜೆ ಹದಿನಾರು. ತೆರುವುದು ತಪ್ಪಿದರೆ ಮೈ ತಾನೇ ವಸೂಲಿ ಮಾಡಿಕೊಳ್ಳುತ್ತಿತ್ತು. ಎಡಗಾಲಿನ ಕಿರುಬೆರಳು ಹೋದದ್ದು ಹಾಗೆ. ಅದರ ಪಕ್ಕದ ಬೆರಳನ್ನು ಡಾಕ್ಟರು ಪ್ರತಿ ಸಲ ಒತ್ತಿ ನೋಡಿ ಏನೂ ಹೇಳದೆ ಕೈ ತೊಳೆದುಕೊಳ್ಳುತ್ತಿದ್ದರು. ಅವರು ಹೇಳದೆ ಬಿಟ್ಟದ್ದನ್ನು ಬಸ್ಸಿನಲ್ಲಿ ಮನೆಯ ತನಕ ಅವಳೇ ಹೇಳಿಕೊಳ್ಳುತ್ತ ಬರುತ್ತಿದ್ದಳು.

ಆದರೆ ಏರುವುದಕ್ಕಿಂತ ಇಳಿಯುವುದೇ ಅವಳಿಗೆ ಹೆಚ್ಚಿನ ಭಯ. ಏರಿದ ಸಕ್ಕರೆ ವರ್ಷಗಟ್ಟಲೆ ಕೂತು ತಿನ್ನುತ್ತದೆ. ಇಳಿದ ಸಕ್ಕರೆ ಗಳಿಗೆಯಲ್ಲಿ ನುಂಗುತ್ತದೆ. ಎರಡು ಸಲ ಆ ಬಾಯಿಯ ತನಕ ಹೋಗಿ ಬಂದಿದ್ದಳು. ತಣ್ಣನೆಯ ಬೆವರು, ಮಂಡಿಯಲ್ಲಿ ನಡುಕ, ನಾಲಿಗೆಗೆ ಮಾತು ಸಿಗದು. ಒಮ್ಮೆಯಂತೂ ಹಂಚಿನ ಮೇಲೆ ಹೊತ್ತಿ ಹೋಗುತ್ತಿದ್ದ ರೊಟ್ಟಿಯನ್ನು ನೋಡುತ್ತ, ಈ ದುಂಡಗಿನದು ಏನಿರಬಹುದು ಎಂದು ಯೋಚಿಸುತ್ತ ನಿಂತುಬಿಟ್ಟಿದ್ದಳು. ಮೂವತ್ತು ವರ್ಷ ರೊಟ್ಟಿ ಬಡಿದ ಹೆಂಗಸು.

ಹಾಗಾಗಿ ಧಾರವಾಡದ ಪ್ರಯೋಗಾಲಯದವರು ನಲವತ್ತು ಜನರಿಗೆ ಹೊಸ ಔಷಧಿ ಕೊಟ್ಟು ನೋಡುತ್ತಾರಂತೆ, ಸೂಜಿಯೇ ಬೇಡವಂತೆ ಎಂದು ಕೇಳಿದಾಗ ಮೊದಲ ದಿನವೇ ಹೋಗಿ ಹೆಸರು ಬರೆಸಿದಳು.

ಔಷಧಿ ಎಂದರೆ ಮೊಸರು.

ಪ್ರಯೋಗಾಲಯದ ಡಾಕ್ಟರು ಫರ್ಜಾನಾ ಮುಲ್ಲಾ ಸವಣೂರಿನವಳು. ನಲವತ್ತರ ಆಚೀಚೆ, ಕನ್ನಡಕ ಹಣೆಯ ಮೇಲೇರಿಸಿಕೊಂಡು ಅದನ್ನೇ ಹುಡುಕುವ ಜಾತಿ. ಗಾಜಿನ ಪೆಟ್ಟಿಗೆಯೊಳಗಿನ ಬಿಳಿ ಬಟ್ಟಲು ತೋರಿಸಿ ಹೇಳಿದಳು: "ನೋಡ್ರಿ ನೀಲವ್ವಾರ, ಮೊಸರು ಮಾಡೂ ಜೀವಾಣು ಇರ್ತಾವಲ್ಲ, ಅದರಾಗ ಒಂದಕ್ಕ ನಾವು ಹೊಸ ಕಸಬು ಕಲಿಸೇವಿ. ನೀವು ಉಂಡ ಅನ್ನದ ಸಕ್ಕರಿ ಕರುಳಿಗೆ ಬಂತು ಅಂದ್ರ ಇದು ಇನ್ಸುಲಿನ್ನಿನಂಥಾ ಒಂದು ರಸ ಬಿಡ್ತದ. ಕರುಳು ಅದನ್ನ ಹೀರಿಕೋತದ. ಸೂಜಿ ಮಾಡೂ ಕೆಲಸ ಮೊಸರು ಮಾಡ್ತದ."

"ಹೊಟ್ಟಿಯೊಳಗ ಉಳಕೊಂಡು ಮನಿ ಮಾಡಿದ್ರ?"

ಫರ್ಜಾನಾ ನಕ್ಕಳು. "ಇದನ್ನ ಕೇಳಿದವರು ನೀವ ಮೊದಲು. ಉಳಿಯೂದಿಲ್ಲ. ತನ್ನ ಮೈಗೋಡಿ ಕಟ್ಟಿಕೊಳ್ಳಲಿಕ್ಕೆ ಬೇಕಾದ ಒಂದು ಸಾಮಾನು ಅದಕ್ಕ ಮಾಡಲಿಕ್ಕೆ ಬರೂದಿಲ್ಲ, ಆ ವಿದ್ಯಾ ನಾವು ಕಿತ್ತು ಹಾಕೇವಿ. ಆ ಸಾಮಾನು ಈ ಪುಡಿಯೊಳಗದ." ಉಗುರಿನಷ್ಟು ಪೊಟ್ಟಣವೊಂದನ್ನು ಅವಳ ಅಂಗೈಯಲ್ಲಿಟ್ಟಳು. "ಹಾಲಿಗೆ ಹೆಪ್ಪು ಹಾಕೂ ಮುಂದ ದಿನಾ ಒಂದು ಪೊಟ್ಟಣ. ಪುಡಿ ಇಲ್ಲದ ಹಾಲಿನ್ಯಾಗ ಅದು ಒಂದ ದಿನಕ್ಕ ಸಾಯ್ತದ. ಪುಡೀನ ಅದರ ಲಗಾಮು."

ಕಟ್ಟಳೆ ಮೂರು. ದಿನಕ್ಕೆ ಒಂದೇ ಬಟ್ಟಲು. ತಿಂಗಳಿಗೊಮ್ಮೆ ಹಳೆಯದನ್ನೆಲ್ಲ ಚೆಲ್ಲಿ, ಪ್ರಯೋಗಾಲಯ ಕೊಡುವ ಹೊಸ ಹೆಪ್ಪಿನಿಂದ ಮೊದಲಿನಿಂದ ಶುರು ಮಾಡಬೇಕು. ಈ ಮೊಸರನ್ನು ಬೇರೆ ಯಾರಿಗೂ ಉಣ್ಣಲು ಕೊಡಬಾರದು. "ಇದು ನಿಮ್ಮ ತೂಕಕ್ಕ, ನಿಮ್ಮ ಸಕ್ಕರಿಗೆ ಅಳದದ್ದು," ಎಂದಳು ಫರ್ಜಾನಾ. ನೀಲವ್ವ ಮೂರಕ್ಕೂ ಹೆಬ್ಬೆಟ್ಟಲ್ಲ, ಸಹಿಯನ್ನೇ ಹಾಕಿದಳು.

ಎರಡನೆಯ ವಾರಕ್ಕೆ ಬೆಳಗಿನ ಸಕ್ಕರೆ ನೂರ ಹದಿನೆಂಟು. ಮೂರನೆಯ ವಾರಕ್ಕೆ ಸೂಜಿ ನಿಂತಿತು. ಅಮಾವಾಸ್ಯೆಯ ದಿನ ಮಾದಲಿ ತಿಂದು, ಎರಡು ತಾಸು ಬಿಟ್ಟು ಬೆರಳು ಚುಚ್ಚಿ ನೋಡಿದರೆ ನೂರ ಮೂವತ್ತು. ನೀಲವ್ವ ಯಂತ್ರ ಕೆಟ್ಟಿದೆಯೆಂದು ಇನ್ನೊಂದು ಬೆರಳು ಚುಚ್ಚಿದಳು. ಅದೂ ಅಷ್ಟೇ. ಒಲೆಯ ಮುಂದೆ ಕೂತು, ಯಾರೂ ಇಲ್ಲದ್ದನ್ನು ನೋಡಿಕೊಂಡು ಸಣ್ಣಗೆ ಅತ್ತಳು.

ಸುಖ ಬಂದ ಮೇಲೆ ಅದು ಹೋದರೆ ಎಂಬ ಭಯ ಬರುತ್ತದೆ. ಪ್ರಯೋಗ ಒಂದೇ ವರ್ಷದ್ದು. ಆಮೇಲೆ ಪುಡಿ ಕೊಡದಿದ್ದರೆ? ಸರಕಾರ ಬದಲಾದರೆ, ಫರ್ಜಾನಾಗೆ ವರ್ಗವಾದರೆ? ಬಡವರ ಮನೆಯ ಹೆಂಗಸು ಇಂಥದಕ್ಕೆ ಮಾಡುವುದು ಒಂದೇ: ಇದ್ದುದರಲ್ಲಿ ಉಳಿಸುವುದು. ನೀಲವ್ವ ಪೊಟ್ಟಣದ ಅರ್ಧ ಪುಡಿ ಹಾಲಿಗೆ ಹಾಕಿ ಅರ್ಧ ಡಬ್ಬಿಗೆ ಹಾಕತೊಡಗಿದಳು. ಮೊಸರು ಚೆನ್ನಾಗಿಯೇ ಬಂತು. ತಿಂಗಳು ಬಿಟ್ಟು ಕಾಲು ಭಾಗ. ಇನ್ನೊಂದು ತಿಂಗಳಿಗೆ ಉಗುರಿನ ತುದಿಯಲ್ಲಿ ಹತ್ತಿದಷ್ಟು. ತಿಂಗಳ ಹೊಸ ಹೆಪ್ಪು ಬಂದಾಗ, ಚೆನ್ನಾಗಿರುವ ಹಳೆಯದನ್ನು ಚೆಲ್ಲಲು ಮನಸ್ಸು ಬರಲಿಲ್ಲ. ಹೊಸದನ್ನು ಕಸದ ತಿಪ್ಪೆಗೆ ಸುರಿದಳು. ಹಾಲೂಡಿಸಿ ಬೆಳೆಸಿದ್ದನ್ನು ಬಿಟ್ಟು ಪರಿಚಯವಿಲ್ಲದ್ದನ್ನು ಮನೆಗೆ ಸೇರಿಸಿಕೊಳ್ಳುವವರುಂಟೆ? ಐದನೆಯ ತಿಂಗಳಿಗೆ ಒಂದು ದಿನ ಪುಡಿಯನ್ನೇ ಹಾಕದೆ ನೋಡಿದಳು. ಮರುದಿನ ಚಾಕು ಹಾಕಿದರೆ ಕತ್ತರಿಸುವಂಥ ಮೊಸರು. ಸಕ್ಕರೆ ನೂರ ಹನ್ನೆರಡು. ಡಾಕ್ಟರಿಗೆ ಗೊತ್ತಿಲ್ಲದ್ದು ತನಗೆ ಗೊತ್ತಾಯಿತೆಂದು ಒಳಗೊಳಗೇ ಹಿಗ್ಗಿದಳು.

ಧಾರವಾಡಕ್ಕೆ ತಿಂಗಳ ತಪಾಸಣೆಗೆ ಹೋದಾಗ ಫರ್ಜಾನಾ ಪಟ್ಟಿ ಹಿಡಿದು ಕೇಳುವಳು: "ಮೊಸರು ಯಾರಿಗರೆ ಉಣ್ಣಲಿಕ್ಕೆ ಕೊಟ್ಟೀರೇನ್ರಿ?"

"ಇಲ್ಲರಿ ಯವ್ವಾ. ದೇವರಾಣಿ."

ಅದು ಸುಳ್ಳಲ್ಲ. ಒಂದು ಬಟ್ಟಲು ಮೊಸರನ್ನು ಅವಳು ಯಾರಿಗೂ ಬಡಿಸಿದವಳಲ್ಲ. ಹೆಪ್ಪು ಕೊಟ್ಟಿದ್ದಳು, ಅಷ್ಟೇ. ಹೆಪ್ಪು ಎಂದರೆ ಒಂದು ಚಮಚ. ಅದನ್ನು ಯಾರೂ ಉಣ್ಣುವುದಿಲ್ಲ. ಮನೆಯಲ್ಲಿ ಹೆಪ್ಪು ಕೆಟ್ಟು, ವಾಟಗವೆಂಬ ಸಣ್ಣ ಬಟ್ಟಲು ಹಿಡಿದು ಹಿತ್ತಲ ಬಾಗಿಲಿಗೆ ಬಂದ ಹೆಂಗಸಿಗೆ ಇಲ್ಲ ಎನ್ನಬಾರದು. ದೀಪ ಹಚ್ಚಿದ ಮೇಲೊಂದು ಕೊಡಬಾರದು, ಉಳಿದಂತೆ ಬೆಂಕಿಯ ಹಾಗೆ, ನೀರಿನ ಹಾಗೆ. ಓಣಿಗೆಲ್ಲ ಗಟ್ಟಿ ಹೆಪ್ಪಿನ ಮನೆ ಎಂದರೆ ಮೊದಲಿನಿಂದಲೂ ನೀಲವ್ವನದೇ. ಪುಡಿಯಿಲ್ಲದೆ ಅದು ಒಂದು ದಿನದಲ್ಲಿ ಸಾಯುತ್ತದೆ ಎಂದು ಡಾಕ್ಟರೇ ಹೇಳಿದ ಮೇಲೆ, ಇನ್ನೊಬ್ಬರ ಮನೆಯ ಹಾಲಿನಲ್ಲಿ ಅದು ಬರೀ ಮೊಸರು. ಹಾಗೆ ಲೆಕ್ಕ ಹಾಕಿದವಳು, ತನ್ನ ಮನೆಯಲ್ಲೇ ಅದು ಪುಡಿಯಿಲ್ಲದೆ ಬದುಕಿದ್ದನ್ನು ಆ ಲೆಕ್ಕಕ್ಕೆ ಸೇರಿಸಲೇ ಇಲ್ಲ. ಎರಡೂ ವಿಷಯ ಒಂದೇ ತಲೆಯಲ್ಲಿದ್ದವು, ಒಂದನ್ನೊಂದು ಮಾತಾಡಿಸಲಿಲ್ಲ.

ಆ ಬೇಸಿಗೆಯಲ್ಲಿ ಅವಳ ರೊಟ್ಟಿ ವ್ಯಾಪಾರ ಒಂದೂವರೆ ಪಟ್ಟಾಯಿತು. "ಯಾಕೋ ಏನೋ ನೀಲಕ್ಕ, ಉಂಡು ತಾಸಿಗೆ ಮತ್ತ ಹಸಿವು," ಎನ್ನುತ್ತ ಮಗ್ಗದ ಮಂದಿ ಎರಡು ಒಯ್ಯುವಲ್ಲಿ ನಾಲ್ಕು ಒಯ್ದರು. ನೀಲವ್ವ ಇನ್ನೊಂದು ಹಂಚು ತಂದಳು.

ಶ್ರಾವಣದ ಒಂದು ಸೋಮವಾರ, ಬೆಳಗಿನ ಹತ್ತು ಗಂಟೆ. ಎದುರು ಮನೆಯ ಮಗ್ಗದ ಸದ್ದು ನಡುವೆಯೇ ನಿಂತಿತು, ಹಿಂದೆಯೇ ಕೂಗು. ನೀಲವ್ವ ಹಿಟ್ಟಿನ ಕೈಯಲ್ಲೇ ಓಡಿದಳು. ಮೂವತ್ತು ದಾಟದ ದ್ಯಾಮಣ್ಣ, ಗೂಳಿಯಂಥ ಆಳು, ಮಗ್ಗದ ಕಟ್ಟೆಗೆ ಒರಗಿ ಕೂತಿದ್ದ. ಅಂಗಿ ಒದ್ದೆ. ಕೈ ನಡುಗುತ್ತಿತ್ತು. "ಏನಾತೋ?" ಎಂದರೆ "ನೂಲು… ನೂಲು…" ಎಂದು ತೊದಲಿ, ಮುಂದಿನ ಮಾತು ಸಿಗದೆ ಅವಳನ್ನೇ ಪಿಳಿಪಿಳಿ ನೋಡಿದ.

"ದೆವ್ವ ಬಡದೈತಿ," ಎಂದ ಯಾರೋ.

"ನಿನ್ನ ತಲಿ! ಬೆಲ್ಲ ತಗೊಂಡ ಬಾ," ಎಂದಳು ನೀಲವ್ವ. ಆ ಬೆವರು, ಆ ನೋಟ ಅವಳಿಗೆ ತನ್ನ ಮುಖದಷ್ಟೇ ಪರಿಚಯ. ಬೆಲ್ಲ ನೀರು ಕುಡಿಸಿ, ತನ್ನ ಯಂತ್ರ ತರಿಸಿ ಅವನ ಬೆರಳು ಚುಚ್ಚಿದಳು. ನಲವತ್ತೊಂದು.

ಸಕ್ಕರೆ ರೋಗವಿಲ್ಲದವನಿಗೆ, ಸೂಜಿ ಗುಳಿಗೆ ಏನೂ ತೆಗೆದುಕೊಳ್ಳದವನಿಗೆ ನಲವತ್ತೊಂದು.

ದ್ಯಾಮಣ್ಣ ಚೇತರಿಸಿಕೊಂಡ ಮೇಲೆ ಕೇಳಿದಳು: "ಮುಂಜಾನೆ ಏನು ತಿಂದಿದ್ದೆಪಾ?"

"ನಿನ್ನ ರೊಟ್ಟೀನ ಅತ್ತಿ. ರೊಟ್ಟಿ, ಮೊಸರು."

"ಯಾರ ಮನಿ ಮೊಸರು?"

"ನಮ್ಮದ. ಹೆಪ್ಪು ನಿನ್ನ ಕಡಿಂದನ ತಂದಿದ್ಲಲ್ಲ ನಮ್ಮವ್ವ, ಯುಗಾದಿ ಮುಂದ."

ನೀಲವ್ವ ಮನೆಗೆ ಬಂದು ಬಾಗಿಲು ಮುಂದೆ ಮಾಡಿ ಕೂತಳು. ಪುಡಿಯ ಡಬ್ಬಿ ಬಗ್ಗಿಸಿದಳು. ಒಡೆಯದ ಪೊಟ್ಟಣಗಳು ರಾಶಿಯಾಗಿ ನೆಲಕ್ಕೆ ಬಿದ್ದವು. ಕೊಟ್ಟದ್ದು ಒಂಬತ್ತು ತಿಂಗಳಿನದು. ಅರ್ಧಕ್ಕಿಂತ ಹೆಚ್ಚು ಇಲ್ಲೇ ಇದೆ. ಪುಡಿಯಿಲ್ಲದೆ ತನ್ನ ಗಡಿಗೆಯಲ್ಲಿ ಬದುಕಿದ್ದು, ಓಣಿಯ ಗಡಿಗೆಗಳಲ್ಲೂ ಬದುಕಿದೆ. ಹೊಟ್ಟೆಗಳಲ್ಲೂ. ಕೈಕಾಲು ತಣ್ಣಗಾದವು. ಸಕ್ಕರೆ ಇಳಿಯಿತೇನೋ ಎಂದು ಬೆರಳು ಚುಚ್ಚಿ ನೋಡಿದರೆ ನೂರ ಅರವತ್ತು. ಇದು ಬರೀ ಭಯ.

ಫೋನು ಕೈಯಲ್ಲೇ ಇತ್ತು. ಫರ್ಜಾನಾಳ ನಂಬರು ಮೇಲೆಯೇ ಇತ್ತು. ಒತ್ತಿದರೆ ಎಲ್ಲ ಮುಗಿಯುತ್ತದೆ: ಮೊಸರು ಹೋಗುತ್ತದೆ, ಸೂಜಿ ಬರುತ್ತದೆ, ಪಕ್ಕದ ಬೆರಳು ಹೋಗುತ್ತದೆ, ಆಮೇಲೆ ಪಾದ. ದ್ಯಾಮಣ್ಣ ಹೇಗೂ ಎದ್ದು ಕೂತನಲ್ಲ. ಒಬ್ಬನಿಗೆ ಆದದ್ದಕ್ಕೆ ಎಲ್ಲವನ್ನೂ ಕಳೆದುಕೊಳ್ಳುವುದೆ? ನಿದ್ದೆಗೆಟ್ಟ ಹೊಡೆತವೂ ಇರಬಹುದು. ಸಂಜೆಗೆ ಮಾಡಿದರಾಯಿತು, ಹೇಗೆ ಹೇಳಬೇಕೆಂದು ನೋಡಿಕೊಂಡು ಮಾಡೋಣ. ಫೋನನ್ನು ಹಿಟ್ಟಿನ ಡಬ್ಬಿಯ ಮೇಲಿಟ್ಟು ರೊಟ್ಟಿ ಬಡಿಯಲು ಕೂತಳು. ಎರಡು ಹರಿದವು.

ಒಂದೂವರೆಯ ಹೊತ್ತಿಗೆ ಗೋಡೆಯಾಚೆಯಿಂದ ಕಾಶವ್ವನ ಚೀರಾಟ ಕೇಳಿತು.

ಕಾಶವ್ವ ನೀಲವ್ವನ ಭಾವನ ಹೆಂಡತಿ, ನೆಗೆಣ್ಣಿ. ಮನೆ ಪಾಲಾದಾಗ ನಳ ಯಾರ ಕಡೆ ಹೋಗಬೇಕೆಂಬ ಜಗಳಕ್ಕೆ ಮಾತು ಬಿಟ್ಟು ಹನ್ನೊಂದು ವರ್ಷ. ಅವಳ ಮೊಮ್ಮಗಳು ಮುಕ್ತಾ ನಾಲ್ಕು ವರ್ಷದ ಕೂಸು. ಹೋದ ವಾರ ಶಾಲೆಯಲ್ಲಿ ತಲೆ ತಿರುಗಿ ಬಿದ್ದು, ದವಾಖಾನೆಯಲ್ಲಿ ಎರಡು ದಿನ ಇದ್ದು ಬಂದದ್ದು ನೀಲವ್ವನಿಗೂ ಗೊತ್ತು. 'ಅಶಕ್ತಿ ಅಂತ, ಮೆತ್ತಗಿನದು ಉಣಿಸ್ರಿ, ಮೊಸರನ್ನ ಉಣಿಸ್ರಿ ಅಂದಾರ' ಎಂದು ಓಣಿಯಲ್ಲಿ ಸುದ್ದಿ.

ಮೊಸರನ್ನ. ನೀಲವ್ವ ಬಡಿಯುತ್ತಿದ್ದ ರೊಟ್ಟಿ ಬಿಟ್ಟು ಎದ್ದಳು. ಆ ಮನೆಗೆ ತನ್ನ ಹೆಪ್ಪು ಹೋಗಿರುವುದು ಲೋಕದಲ್ಲಿ ಇಬ್ಬರಿಗೇ ಗೊತ್ತು: ತನಗೆ, ಮತ್ತು ಕಾಶವ್ವನ ಸೊಸೆ ಪಲ್ಲವಿಗೆ. ಹೋಳಿ ಹುಣ್ಣಿಮೆಯ ಮರುದಿನ ಆ ಹುಡುಗಿ ವಾಟಗವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿತ್ತಲಿಗೆ ಬಂದಿದ್ದಳು. "ಅತ್ತಿ ಊರಿಗೆ ಹೋಗ್ಯಾರ, ಹೆಪ್ಪು ಕೆಡಿಸಿಬಿಟ್ಟೆ. ಗೊತ್ತಾದ್ರ ಕೊಂದ ಬಿಡ್ತಾರ. ಒಂದು ಚಮಚ ಕೊಡ್ರಿ ಸಣ್ಣತ್ತಿ, ಯಾರಿಗೂ ಹೇಳಬ್ಯಾಡ್ರಿ." ನೀಲವ್ವ ಎರಡು ಚಮಚ ಕೊಟ್ಟು, "ಮಜ್ಜಿಗಿಗೆ ಬಂದು ಚರಿಗಿ ಮುಚ್ಚಿಕೋಬ್ಯಾಡ, ಹೋಗು," ಎಂದು ನಕ್ಕು ಕಳಿಸಿದ್ದಳು. ನೆಗೆಣ್ಣಿಯ ಮನೆಯ ಮೊಸರು ತನ್ನ ಹೆಪ್ಪಿನಿಂದ ಗಟ್ಟಿಯಾಗುತ್ತದೆ ಎಂಬುದು ಅವಳಿಗೆ ಅಂದು ಮಾದಲಿಗಿಂತ ಸಿಹಿಯಾಗಿತ್ತು.

ಬೆಲ್ಲದ ಡಬ್ಬಿ, ಯಂತ್ರ ಹಿಡಿದು ಹನ್ನೊಂದು ವರ್ಷ ದಾಟದ ಹೊಸ್ತಿಲು ದಾಟಿದಳು. ಮಗು ಪಲ್ಲವಿಯ ತೊಡೆಯ ಮೇಲೆ ಅಡ್ಡ ಬಿದ್ದಿತ್ತು. ಕಣ್ಣು ಅರೆ ತೆರೆದು ಎಲ್ಲೋ ನೋಡುತ್ತಿತ್ತು, ತುಟಿಯ ಮೇಲೆ ಮೊಸರನ್ನದ ಅಗುಳು, ಎಡಗೈ ತಾನಾಗಿಯೇ ಜಗ್ಗುತ್ತಿತ್ತು.

"ನೀ ಯಾಕ ಬಂದಿ? ನೋಡಿ ಕಣ್ಣು ತಣ್ಣಗ ಮಾಡಿಕೊಳ್ಳಾಕ?" ಎಂದಳು ಕಾಶವ್ವ.

"ಬೈಯುವಂತಿ ಯಕ್ಕಾ, ಆಮ್ಯಾಲ ಬೈಯುವಂತಿ. ಮೊದಲ ಆ ಗಂಗಾಳ ದೂರ ಒಗಿ."

ಮಗುವಿನ ಬೆರಳು ಸೂಜಿಗೆ ಸಾಲದಷ್ಟು ಸಣ್ಣದು. ಇಪ್ಪತ್ತೊಂಬತ್ತು. ನೀಲವ್ವ ಅಂಥ ಅಂಕಿಯನ್ನು ಯಂತ್ರದಲ್ಲಿ ಎಂದೂ ಕಂಡಿರಲಿಲ್ಲ. ಪ್ರಜ್ಞೆಯಿಲ್ಲದ ಬಾಯಿಗೆ ನೀರು ಹಾಕಬಾರದೆಂದು ಗೊತ್ತಿತ್ತು. ಬೆಲ್ಲವನ್ನು ಬೆರಳಲ್ಲಿ ಮೆತ್ತಗೆ ಮಾಡಿ ವಸಡಿಗೆ ತಿಕ್ಕಿದಳು. ತಿಕ್ಕುತ್ತಲೇ ಹೋದಳು. ಹತ್ತು ನಿಮಿಷಕ್ಕೆ ಐವತ್ತೆರಡು. ಮಗು "ಅವ್ವಾ" ಎಂದಿತು. ಕಾಶವ್ವ ಆಂಬುಲೆನ್ಸಿಗೆ ಫೋನು ಮಾಡಿಸಿದಳು.

ಆಂಬುಲೆನ್ಸಿನಲ್ಲಿ ಇನ್ನೂ ಊರು ದಾಟಿರಲಿಲ್ಲ, ಮತ್ತೆ ಮೂವತ್ತನಾಲ್ಕು. ನೀಲವ್ವ ಅಲ್ಲಿಂದಲೇ ಫೋನು ಹಚ್ಚಿದಳು.

"ಮೇಡಂ, ನಾನು ನೀಲವ್ವ. ನಾನು ಪುಡಿ ಹಾಕಿಲ್ಲರಿ. ನಾಲ್ಕು ತಿಂಗಳಾತು. ಹೆಪ್ಪು ಓಣಿಗೆಲ್ಲಾ ಕೊಟ್ಟೀನಿ. ಕೂಸು ಕೈಯಾಗ ಐತಿ, ಬೆಲ್ಲ ಹಚ್ಚಿದ್ರ ಏರತೈತಿ, ಏರಿದ್ದು ಮತ್ತ ಕೆಳಗ ಬೀಳತೈತಿ."

ಫರ್ಜಾನಾಳ ದನಿ ಬೇರೆಯಾಯಿತು. "ಬಾಯಿಂದ ಏನೂ ಕೊಡಬ್ಯಾಡ್ರಿ ಇನ್ನ. ಹೊಟ್ಟಿಗೆ ಸಕ್ಕರಿ ಹೋದಂಗ ಅದು ರಸ ಬಿಡ್ತದ. ಉಣಿಸಿದಷ್ಟೂ ಇಳೀತದ. ರಕ್ತಕ್ಕ ನೇರ ಗ್ಲೂಕೋಸು ಹಚ್ಚಬೇಕು. ಆಂಬುಲೆನ್ಸಿನವರ ಕೈಗೆ ಫೋನು ಕೊಡ್ರಿ."

ಉಣಿಸಿದಷ್ಟೂ ಇಳಿಯುತ್ತದೆ. ಹೋದ ವಾರದಿಂದ ಆ ಮನೆಯಲ್ಲಿ ಮೂವರು ದೊಡ್ಡವರು ಆ ಮಗುವಿಗೆ ಶಕ್ತಿ ಬರಲೆಂದು ಹೊತ್ತು ಹೊತ್ತಿಗೆ ಉಣಿಸಿದ್ದೇ ಉಣಿಸಿದ್ದು.

ಮರುದಿನ ಬೆಳಿಗ್ಗೆ ಓಣಿಯ ಕನ್ನಡ ಶಾಲೆಯ ಒಂದು ಕೋಣೆ ನಿಯಂತ್ರಣ ಕೊಠಡಿಯಾಯಿತು. ಗೋಡೆಯ ತುಂಬ ಓಣಿಯ ನಕ್ಷೆ, ಮೇಜಿನ ಮೇಲೆ ಯಂತ್ರಗಳು, ಸೀಸೆಗಳಲ್ಲಿ ಮನೆಮನೆಯ ಮೊಸರು. ಫರ್ಜಾನಾ ರಾತ್ರಿಯ ನಿದ್ದೆಯಿಲ್ಲದ ಕಣ್ಣಲ್ಲಿ ನೀಲವ್ವನ ಗಡಿಗೆಯ ಪರೀಕ್ಷೆ ತೋರಿಸಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಒಂದು ಚಮಚ ಹೆಪ್ಪು ಒಂದು ಗಡಿಗಿ ಆಗಬೇಕಂದ್ರ ಅದರೊಳಗ ಆರೇಳು ತಲಿಮಾರು ಹುಟ್ಟತಾವ. ದಿನಾ. ಒಂಬತ್ತು ತಿಂಗಳಿಗೆ ಹತ್ರ ಹತ್ರ ಎರಡು ಸಾವಿರ ತಲಿಮಾರು. ನೀವು ಒಮ್ಮೆಲೆ ಪುಡಿ ನಿಲ್ಲಿಸಿದ್ರ ಎಲ್ಲಾ ಸಾಯ್ತಿದ್ವು. ನೀವು ಅರ್ಧ ಮಾಡಿದ್ರಿ, ಕಾಲು ಮಾಡಿದ್ರಿ. ಸ್ವಲ್ಪ ಸ್ವಲ್ಪ ಉಪವಾಸ ಕಲಿಸಿದ್ರಿ. ಕಲೀತು." ಅವಳು ಕನ್ನಡಕ ತೆಗೆದಳು. "ತಿಂಗಳಿಗೊಮ್ಮೆ ಚೆಲ್ಲರಿ ಅಂದ್ವಿ, ಯಾಕ ಚೆಲ್ಲಬೇಕು ಅಂತ ಹೇಳಲಿಲ್ಲ. ಉಣ್ಣಲಿಕ್ಕೆ ಕೊಟ್ಟೀರೇನು ಅಂದ್ವಿ, ಹೆಪ್ಪು ಕೊಟ್ಟೀರೇನು ಅಂತ ಕೇಳಲಿಲ್ಲ. ನಮ್ಮವ್ವನೂ ಹೆಪ್ಪು ಕೊಡ್ತಿದ್ಲು, ನೀಲವ್ವಾರ. ನನಗ ಹೊಳೀಬೇಕಿತ್ತು."

ದವಾಖಾನೆಯಿಂದ ತಾಸಿಗೊಮ್ಮೆ ಫೋನು. ಗ್ಲೂಕೋಸಿನ ಹನಿ ಸ್ವಲ್ಪ ನಿಧಾನ ಮಾಡಿದರೂ ಮುಕ್ತಾಳ ಸಕ್ಕರೆ ಕುಸಿಯುತ್ತದೆ. ಜೀವಾಣು ಕೊಲ್ಲುವ ಔಷಧಿ ಹಚ್ಚಿದ್ದಾರೆ, ನಾಲ್ಕು ದಿನವಾದರೂ ಬೇಕು. ಕಣ್ಣು ಬಿಟ್ಟಿಲ್ಲ.

ಇಂಥ ಕೂಸುಗಳು ಓಣಿಯಲ್ಲಿ ಇನ್ನೆಷ್ಟು ಮನೆಯಲ್ಲಿವೆ? ಅದೇ ಈಗ ಎಲ್ಲರ ಎದೆಯ ಮೇಲಿನ ಕಲ್ಲು. ಫರ್ಜಾನಾಳ ಗಣಕಯಂತ್ರ ಹಾಲಿನವನ ದಾರಿ ಹಿಡಿದು ಇಪ್ಪತ್ತು ಮನೆ ತೋರಿಸಿತು. ಅಲ್ಲಿ ಪರೀಕ್ಷೆ ಮಾಡಿದರೆ ಎರಡರಲ್ಲೇ ಸಿಕ್ಕಿತು. ಉಳಿದ ಮನೆಗಳಿಗೆ ಪ್ರಯೋಗಾಲಯದ ಹುಡುಗಿಯರು ಕಾಗದ ಹಿಡಿದು ಹೋದರು. ಹೆಪ್ಪು ಹೊರಗಿಂದ ತಂದೀರೇನ್ರಿ ಎಂದರೆ ಎಲ್ಲರದೂ ಒಂದೇ ಉತ್ತರ: "ನಾವ್ಯಾಕ ತರೂಣು? ನಮ್ಮದು ನಮ್ಮ ತವರಮನಿ ಹೆಪ್ಪು." ಸೀಸೆಗೆ ಮೊಸರೂ ಕೊಡಲಿಲ್ಲ. ಹೆಪ್ಪು ಕೆಡಿಸಿಕೊಂಡೆ ಎಂದು ಒಪ್ಪಿಕೊಳ್ಳುವ ಗೃಹಿಣಿ ಆ ಓಣಿಯಲ್ಲಿ ಹುಟ್ಟಿರಲಿಲ್ಲ.

"ಹೆಪ್ಪು ಹಾಲಿನ ದಾರಿ ಹಿಡಿಯೂದಿಲ್ಲ ಮೇಡಂ," ಎಂದಳು ನೀಲವ್ವ. "ಹಿತ್ತಲ ದಾರಿ ಹಿಡೀತೈತಿ. ಹಿಂಗ ಕೇಳಿದ್ರ ಯಾರೂ ಹೇಳೂದಿಲ್ಲ. ನಾ ಕೇಳತೀನಿ ಬರ್ರಿ."

ಅವಳ ಗಡಿಗೆಯ ಮೊಸರಿಗೆ ಒಂದು ಗುಣವಿತ್ತು: ಮೂರು ದಿನ ಇಟ್ಟರೂ ಹುಳಿಯಾಗದು. ನೀಲವ್ವ ಒಂದೊಂದು ಮನೆಯ ಕಟ್ಟೆಯ ಮೇಲೆ ಕೂತು, ಮಳೆ, ಹಾಲಿನ ನೀರು ಎಲ್ಲ ಮಾತಾಡಿ ಕೊನೆಗೆ ನಿಟ್ಟುಸಿರು ಬಿಡುವಳು: "ನಿಮ್ಮ ಮೊಸರೂ ಮೂರನೇ ದಿನಕ್ಕ ಹುಳಿ ಬಡದು ಹೊಕ್ಕೈತೇನು ಬೇ?"

"ನಮ್ಮ ಮೊಸರ? ವಾರ ಇಟ್ಟರೂ ಹುಳಿ ಬರೂದಿಲ್ಲ ನೋಡ! ಬೇಕಾದ್ರ ನೆಕ್ಕಿ ನೋಡ," ಎನ್ನುವಳು ಆ ಮನೆಯಾಕೆ, ಎದೆಯೆತ್ತಿ.

ಹಿಂದೆ ನಿಂತ ಹುಡುಗಿ ನಕ್ಷೆಯ ಮೇಲೆ ಕೆಂಪು ಚುಕ್ಕಿ ಇಡುವಳು. ಮನೆಯೊಳಗೆ ತೊಟ್ಟಿಲು ಕಂಡರೆ ನೀಲವ್ವ ಮೊದಲು ಅದರ ಕಡೆಗೇ ಹೋಗುವಳು. ಎರಡನೆಯ ದಿನದ ಸಂಜೆಗೆ ಅರವತ್ತೊಂದು ಚುಕ್ಕಿ. ಅರವತ್ತೊಂದರಲ್ಲಿ ಮಕ್ಕಳು ನಲವತ್ತೆರಡು. ಮೂವತ್ತೆರಡನೆಯ ಮನೆಯಲ್ಲಿ ಒಂದೂವರೆ ವರ್ಷದ ಗಂಡುಕೂಸು ಮಧ್ಯಾಹ್ನದ ನಿದ್ದೆಯಿಂದ ಏಳುತ್ತಿರಲಿಲ್ಲ. "ಛಲೋ ಮಲಗೇತಿ, ಎಬ್ಬಿಸಬ್ಯಾಡ್ರಿ," ಎಂದಳು ತಾಯಿ. ನೀಲವ್ವ ಅದರ ಕುತ್ತಿಗೆ ಮುಟ್ಟಿದಳು. ತಣ್ಣನೆಯ ಬೆವರು. ಮೂವತ್ತೊಂದು. ಅಲ್ಲೇ ಗ್ಲೂಕೋಸು ಹಚ್ಚಿ ಎತ್ತಿಕೊಂಡು ಓಡಿದರು.

ಸವದತ್ತಿಗೆ ಮದುವೆಯಾಗಿ ಹೋದ ಹುಡುಗಿಯೊಬ್ಬಳು ಬಟ್ಟೆಯ ತುಣುಕನ್ನು ಮೊಸರಲ್ಲಿ ಅದ್ದಿ, ನೆರಳಲ್ಲಿ ಒಣಗಿಸಿ, ಹೆಪ್ಪಿಗೆಂದು ಟ್ರಂಕಿನಲ್ಲಿ ಒಯ್ದಿದ್ದಳು. ಪ್ರಯೋಗಾಲಯದ ವ್ಯಾನು ಅಲ್ಲಿಗೂ ಹೋಯಿತು. ಅಲ್ಲಿ ಮತ್ತೆ ಐದು ಚುಕ್ಕಿ.

ಮೂರನೆಯ ದಿನ ಪಲ್ಲವಿ ದವಾಖಾನೆಯ ಬಾಗಿಲಲ್ಲಿ ಎಲ್ಲರೆದುರು ಅತ್ತೆಯ ಕಾಲು ಹಿಡಿದು ಹೆಪ್ಪು ತಂದದ್ದನ್ನು ಹೇಳಿಕೊಂಡಳು. ನೀಲವ್ವ ನಡುವೆ ಬಂದು, "ಅಕೀದೇನೂ ತಪ್ಪಿಲ್ಲ ಯಕ್ಕಾ. ಅಕಿ ಕೇಳಿದ್ಲು, ನಾ ಕೊಟ್ಟೆ. ಗೊತ್ತಾದ ಮ್ಯಾಲೂ ಮೂರು ತಾಸು ಫೋನು ಮುಂದಿಟ್ಕೊಂಡು ಸುಮ್ಮನ ಕೂತೆ. ನನ್ನ ಕಾಲು ಹೊಕ್ಕೈತಿ ಅಂತ ಅಂಜಿ ಕೂತೆ. ಆ ಮೂರು ತಾಸಿನ್ಯಾಗ ಕೂಸು ಉಂಡದ್ದು," ಎಂದಳು.

ಕಾಶವ್ವ ಅವಳ ಎಡಗಾಲು ನೋಡಿದಳು. "ನಿನ್ನ ಕಾಲು," ಎಂದಳು. ಸೊಸೆಯನ್ನು ಎಬ್ಬಿಸಿಕೊಂಡು ಒಳಗೆ ಹೋದಳು.

ಐದನೆಯ ದಿನ ಮುಕ್ತಾ ಕಣ್ಣು ಬಿಟ್ಟಳು.

ಮರುದಿನ ಶಾಲೆಯ ಅಂಗಳದಲ್ಲಿ ನೀಲಿ ಡ್ರಮ್ಮು ಇಟ್ಟರು, ಒಳಗೆ ಮೂಗು ಸುಡುವ ಕ್ಲೋರಿನ್ ನೀರು. ಚುಕ್ಕಿಯಿದ್ದ ಮನೆ, ಇಲ್ಲದ ಮನೆ ಎನ್ನದೆ ಓಣಿಯ ನೂರ ನಲವತ್ತು ಗಡಿಗೆಗಳನ್ನು ತಂದು ಸುರಿದರು. ಮುಳಗುಂದದ್ದು, ರೋಣದ್ದು, ನವಲಗುಂದದ್ದು. ಅಜ್ಜಿಯಿಂದ ಅವ್ವನಿಗೆ, ಅವ್ವನಿಂದ ಮಗಳಿಗೆ ಬಂದ ಹೆಪ್ಪುಗಳೆಲ್ಲ ಬೆಳ್ಳಗೆ ಒಡೆದು ತಳಕ್ಕಿಳಿದವು. ಕೆಲವರು ಅತ್ತರು, ಕೆಲವರು ನೀಲವ್ವನಿಗೆ ಕೇಳುವಂತೆಯೇ ಶಪಿಸಿದರು. ಅವಳ ಸರದಿ ಬಂತು. ಗಡಿಗೆ ಬಗ್ಗಿಸುವ ಮುಂಚೆ ಕೈ ಅರೆಕ್ಷಣ ನಿಂತದ್ದನ್ನು ಫರ್ಜಾನಾ ಕಂಡಳು.

"ಲ್ಯಾಬಿನ್ಯಾಗಿಂದೂ ಇವತ್ತ ಸುಡತೀವಿ," ಎಂದಳು ಮೆಲ್ಲಗೆ. "ನಲವತ್ತೂ ಮಂದಿಗೆ ಹೇಳೇವಿ."

ನೀಲವ್ವ ಸುರಿದಳು. ಗಡಿಗೆಯನ್ನೂ ಒಳಗೇ ಬಿಟ್ಟಳು.

ಓಣಿಯವರೆಲ್ಲ ಹದಿನಾಲ್ಕು ದಿನ ಗುಳಿಗೆ ನುಂಗಿದರು. ಸತ್ತವರು ಯಾರೂ ಇಲ್ಲ. ಮೂವತ್ತೆರಡನೆಯ ಮನೆಯ ಗಂಡುಕೂಸು ನಡೆಯಲು ಕಲಿಯಿತು. ಮುಕ್ತಾ ಮನೆಗೆ ಬಂದಳು, ಆಡುತ್ತಾಳೆ, ನಗುತ್ತಾಳೆ. ಮೊದಲು ಇಪ್ಪತ್ತರ ತನಕ ಎಣಿಸುತ್ತಿದ್ದವಳು ಈಗ ಏಳಕ್ಕೆ ನಿಂತು ಮುಂದಿನದನ್ನು ಹುಡುಕುತ್ತಾಳೆ, ಎಡಗೈಯಿಂದ ವಸ್ತು ಜಾರುತ್ತದೆ. ಸುಧಾರಿಸಬಹುದು ಎನ್ನುತ್ತಾರೆ ಡಾಕ್ಟರು, ಸುಧಾರಿಸುತ್ತದೆ ಎನ್ನುವುದಿಲ್ಲ. ನಲವತ್ತು ಜನ ಸೂಜಿಗೆ ಮರಳಿದರು. ನೀಲವ್ವನ ಎಡಗಾಲಿನ ಇನ್ನೊಂದು ಬೆರಳು ದೀಪಾವಳಿಗೆ ಮುಂಚೆ ಹೋಯಿತು. ಕಾಶವ್ವ ಇನ್ನೂ ಮಾತಾಡುವುದಿಲ್ಲ. ಮಗ್ಗದ ಓಣಿಯಲ್ಲಿ ಈಗ ಎಲ್ಲರೂ ಪ್ಯಾಕೆಟ್ ಮೊಸರು ತರುತ್ತಾರೆ. ವಾಟಗ ಹಿಡಿದು ಯಾರಾದರೂ ಹಿತ್ತಲ ಬಾಗಿಲಿಗೆ ಬಂದರೆ, ಇಲ್ಲ ಎನ್ನುತ್ತಾರೆ.